ಹಕ್ಕಿ ಊರಿನದು, ಹುಣಸೆಹಣ್ಣು ಯಾರದು?

ಬೆಂಗಳೂರಿನ ನಮ್ಮ ಟಿ. ದಾಸರಹಳ್ಳಿಯಿಂದ ಎರಡು ದಾರಿಗಳು ಹೊರಡುತ್ತವೆ. ಒಂದು ತುಮಕೂರು ರಸ್ತೆ. ನೆಲಮಂಗಲ, ತುಮಕೂರು ದಾಟಿ ಸಿರಾ ಸೀಮೆಯ ಬಯಲಿಗೆ ಹೋಗುತ್ತದೆ. ಇನ್ನೊಂದು ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿ ಬಾಗಲಗುಂಟೆ, ಚಿಕ್ಕಬಾಣಾವರ, ಸೋಲದೇವನಹಳ್ಳಿ ಹಾದು ಹೆಸರಘಟ್ಟ ಸೇರುತ್ತದೆ. ಸೈಟು ನೋಡಲು ಹೋಗುವವರಿಗೆ, ಕಾಲೇಜಿಗೆ ಹೋಗುವ ಮಕ್ಕಳಿಗೆ, ಪೀಣ್ಯದ ಕಾರ್ಖಾನೆಗಳಿಗೆ ಸರಕು ಸಾಗಿಸುವವರಿಗೆ ಇವು ದಿನನಿತ್ಯದ ದಾರಿಗಳು. ಹೆಸರಘಟ್ಟದ ದಾರಿಯ ಕೊನೆಯಲ್ಲಿ ಸಾವಿರಾರು ಎಕರೆ ಹುಲ್ಲುಗಾವಲಿದೆ. ಇನ್ನೊಂದರಲ್ಲಿ ಮುಂದೆ ಹೋದರೆ, ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಹಳ್ಳಿಯಿದೆ. ಆ ಹುಲ್ಲುಗಾವಲಿನ ಚಿರತೆ ಯಾರದು, ಆ ಮರದ ಹಕ್ಕಿ ಯಾರದು? ಇವತ್ತು ನಾನು ಮಾತನಾಡಬೇಕೆಂದಿರುವುದು ಇದನ್ನು ಕುರಿತು.

ಹಿಂದಿನ ಊರುಗಳಲ್ಲಿ ಹಂಚಿಕೊಂಡು ಬಾಳುವುದಕ್ಕೆ ಕಟ್ಟುಪಾಡುಗಳಿದ್ದವು. ಕೆರೆ ನೀರು ಯಾವ ಗದ್ದೆಗೆ ಯಾವಾಗ ಹರಿಯಬೇಕು ಎಂಬುದನ್ನು ನೀರಗಂಟಿ ನೋಡಿಕೊಳ್ಳುತ್ತಿದ್ದ. ಅವನ ಕೂಲಿಗೆ ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಧಾನ್ಯ ಬರುತ್ತಿತ್ತು. ದನಕ್ಕೆ ಗೋಮಾಳವಿತ್ತು, ದಾರಿಹೋಕರ ನೆರಳಿಗೆ ಗುಂಡುತೋಪಿತ್ತು, ಅರಮನೆಯ ರಾಸುಗಳಿಗೆ ಅಮೃತಮಹಲ್ ಕಾವಲುಗಳಿದ್ದವು. ಕೆರೆ ಹೂಳೆತ್ತಲು ಮನೆಗೊಬ್ಬ ಆಳು ಬರಬೇಕು, ಬಾರದಿದ್ದರೆ ದಂಡ. ನೀರಿಗೆ, ಹುಲ್ಲಿಗೆ, ನೆರಳಿಗೆ ಹೀಗೆ ಲೆಕ್ಕವಿತ್ತು. ಕಾಡುಪ್ರಾಣಿಗೆ ಮಾತ್ರ ಇಂಥ ಲೆಕ್ಕ ಬಹುಮಟ್ಟಿಗೆ ಬೆಳೆಯಲಿಲ್ಲ. ಒಂದು ಕಡೆ ದೇವರ ಭಯವಿತ್ತು: ಕೊಡಗಿನಲ್ಲಿ ದೇವರಕಾಡು, ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಮಡುವಿನ ಮೀನು, ಯಾರೂ ಮುಟ್ಟುವಂತಿರಲಿಲ್ಲ. ಇನ್ನೊಂದು ಕಡೆ ದೊರೆಗಳ ಬೇಟೆಯಿತ್ತು. ನಡುವೆ ರಾಗಿ ಹೊಲದಲ್ಲಿ ಅಟ್ಟಣೆ ಕಟ್ಟಿ ರಾತ್ರಿಯಿಡೀ ತಗಡು ಬಡಿಯುವ ರೈತನಿದ್ದ. ಅವನ ನಿದ್ದೆಗೆಟ್ಟ ರಾತ್ರಿಗಳನ್ನು ಯಾರೂ ಯಾವ ಖಾತೆಗೂ ಬರೆದುಕೊಳ್ಳಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದು ಬಂದಿರದಿದ್ದರೆ ಇವತ್ತು ಉಳಿಸಿಕೊಳ್ಳುವ ಮಾತಿಗೆ ಉಳಿದಿರುವುದೇ ಕಡಿಮೆಯಾಗಿರುತ್ತಿತ್ತು. ಬೇಟೆ ನಿಂತಿತು, ಅಭಯಾರಣ್ಯಗಳು ಬಲವಾದವು. 2023ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 6,395 ಆನೆಗಳಿವೆ ಎಂದು ಅಂದಾಜಾಯಿತು. ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಹೆಮ್ಮೆ ಪಡಬೇಕಾದ್ದೇ. ಆದರೆ ಆ ಹೆಮ್ಮೆಗೆ ಬೆಲೆ ತೆರುವವರು ಯಾರು? ದಾಸರಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಪೀಣ್ಯದಲ್ಲಿ ದುಡಿಯುವ ಎಷ್ಟೋ ಜನರ ಊರು ಹಾಸನದ ಆಲೂರು, ಸಕಲೇಶಪುರದ ಕಡೆ ಇದೆ. ಹಬ್ಬಕ್ಕೆ ಊರಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಬಸ್ಸಿಳಿದು ಮನೆಗೆ ನಡೆದು ಹೋಗುವಾಗ ಕತ್ತಲಾಗಿದ್ದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಅವರು ಹೇಳುತ್ತಾರೆ. ಆನೆ ತುಳಿದು ಜೀವ ಹೋದರೆ ಸರ್ಕಾರ ಪರಿಹಾರ ಕೊಡುತ್ತದೆ. ಬೆಳೆ ನಷ್ಟಕ್ಕೂ ಪರಿಹಾರವಿದೆ, ಅದಕ್ಕೆ ಅರ್ಜಿಯಿದೆ, ಸ್ಥಳ ತನಿಖೆಯಿದೆ. ಆದರೆ ಪರಿಹಾರ ಎಂಬುದು ಆದ ಮೇಲಿನ ಮಾತು. ಆಗುವ ಮೊದಲು ಆ ಊರಿನವರನ್ನು ಯಾರೂ ಏನೂ ಕೇಳಿರುವುದಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂಬ ಗಾದೆ ನಮ್ಮ ವನ್ಯಜೀವಿ ಪ್ರೇಮಕ್ಕೂ ಸ್ವಲ್ಪ ತಗಲುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಕಾಡುಪ್ರಾಣಿಯನ್ನು ಎಲ್ಲರ ಸ್ವತ್ತು ಎಂದು ಕರೆದ ಮಾತ್ರಕ್ಕೆ ಅದು ಎಲ್ಲರದೂ ಆಗುವುದಿಲ್ಲ. ನಷ್ಟದಲ್ಲಿ ಎಲ್ಲರಿಗೂ ಪಾಲಿರಬೇಕು, ಲಾಭದಲ್ಲಿ ಊರಿಗೆ ಪಾಲಿರಬೇಕು, ತೀರ್ಮಾನದಲ್ಲಿ ಊರಿನ ದನಿಯಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಪ್ರಾಣಿಗೂ ಉಳಿಗಾಲವಿಲ್ಲ, ಊರಿಗೂ ನೆಮ್ಮದಿಯಿಲ್ಲ. ಇದನ್ನು ನಮ್ಮ ರಾಜ್ಯದ್ದೇ ಒಂದು ಹಳ್ಳಿಯಲ್ಲಿ ನೋಡೋಣ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಮೈಸೂರು ಹೆದ್ದಾರಿಯಲ್ಲಿ ಮದ್ದೂರಿಗೆ ಮೊದಲು ರುದ್ರಾಕ್ಷಿಪುರದಲ್ಲಿ ತಿರುಗಿ ಒಳಗೆ ಹೋಗಬೇಕು. ಚಳಿಗಾಲ ಕಾಲಿಡುತ್ತಿದ್ದಂತೆ ಹೆಜ್ಜಾರ್ಲೆಗಳು ಬರುತ್ತವೆ, ಹಿಂದೆಯೇ ಬಣ್ಣದ ಕೊಕ್ಕರೆಗಳು. ಮನೆಗಳ ಹಿತ್ತಿಲಿನ ಹುಣಸೆ ಮರ, ಬೀದಿಯ ಅರಳಿ, ಅತ್ತಿ ಮರಗಳ ಮೇಲೆ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿ, ಮುಂಗಾರು ಹಿಡಿಯುವ ಹೊತ್ತಿಗೆ ಹೊರಟುಹೋಗುತ್ತವೆ. ಊರಿನವರು ಇವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಭಾವಿಸುತ್ತಾರೆ. 1916ರ ಪ್ಲೇಗಿನ ಕಾಲದಲ್ಲಿ ಶಿಂಷಾ ದಡದ ಹಳೆಯ ಊರನ್ನು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ತಮ್ಮ ಹಿಂದೆಯೇ ಬಂದವು ಎಂಬುದು ಅಲ್ಲಿನ ಹಿರಿಯರ ಮಾತು.

ಈ ಕಥೆಯನ್ನು ಕೇಳಿ ನಾವು ಸಂತೋಷಪಟ್ಟು ಫೋಟೋ ತೆಗೆದುಕೊಂಡು ವಾಪಸು ಬರುತ್ತೇವೆ. ಮರದ ಕೆಳಗೆ ನಿಂತು ಸ್ವಲ್ಪ ಲೆಕ್ಕ ಹಾಕೋಣ. ಹುಣಸೆಹಣ್ಣು ಕೊಯ್ಲಿಗೆ ಬರುವುದು ಫೆಬ್ರವರಿ, ಮಾರ್ಚಿನಲ್ಲಿ. ಮರಿಗಳು ಗೂಡಿನಲ್ಲಿ ಕಿರುಚುತ್ತಿರುವುದೂ ಆಗಲೇ. ಹುಣಸೆಯನ್ನು ಬಿಡಿಸುವುದು ಕೊಂಬೆ ಹತ್ತಿ ಅಲುಗಿಸಿ, ಕೋಲಿನಲ್ಲಿ ಬಡಿದು. ಕೊಂಬೆ ಅಲುಗಿಸಿದರೆ ಗೂಡು ಬೀಳುತ್ತದೆ, ಗೂಡು ಉಳಿಯಬೇಕಾದರೆ ಹಣ್ಣು ಬಿಡಬೇಕು. ಅದರ ಮೇಲೆ ಹಕ್ಕಿಯ ಹಿಕ್ಕೆ ಬಿದ್ದು ಎಲೆ ಸುಡುತ್ತದೆ, ಮರ ಸೊರಗುತ್ತದೆ. ಅಂಗಳದಲ್ಲಿ ಬಟ್ಟೆ ಒಣಹಾಕುವಂತಿಲ್ಲ. ಮರಿಗಳ ಬಾಯಿಂದ ಜಾರಿದ ಮೀನು ಬಿದ್ದು ಕೊಳೆತು ನಾರುತ್ತದೆ. ಊರಿನ ಹೆಸರು ನಾಡಿಗೆಲ್ಲ ಹರಡಿದೆ, ನಿಜ. ಆದರೆ ಹಣ್ಣು ಬಿಟ್ಟವನು ಒಬ್ಬ ಮರದೊಡೆಯ, ಅಂಗಳ ಗುಡಿಸುವವಳು ಅವನ ಮನೆಯ ಹೆಂಗಸು.

ಹಕ್ಕಿಯಿಂದ ಬರುವುದೂ ಇತ್ತು ಅನ್ನಿ. ಮರದ ಬುಡದ ಸುತ್ತ ಗುಂಡಿ ತೋಡಿ, ಕೆರೆಯ ಗೋಡು ಹರಡಿ, ಅದರ ಮೇಲೆ ಬಿದ್ದ ಹಿಕ್ಕೆಯನ್ನು ಬೆರೆಸಿ ಗದ್ದೆಗೆ ಹೊಡೆಯುತ್ತಿದ್ದರು. ಮೀನು ತಿನ್ನುವ ಹಕ್ಕಿಯ ಹಿಕ್ಕೆ ಒಳ್ಳೆಯ ಗೊಬ್ಬರ. ಇಲ್ಲಿ ಒಂದು ಹಳೆಯ ಒಪ್ಪಂದವಿತ್ತು ಎನ್ನಬಹುದು: ಹಣ್ಣು ಹೋಯಿತು, ಗೊಬ್ಬರ ಬಂತು. ಅಂಗಡಿಯಲ್ಲಿ ಯೂರಿಯಾ ಮೂಟೆ ಸುಲಭವಾಗಿ ಸಿಗತೊಡಗಿದ ಮೇಲೆ ಆ ಒಪ್ಪಂದದ ಒಂದು ಕೈ ಸಡಿಲವಾಯಿತು. ಹುಣಸೆ ಮರಕ್ಕೆ ಸೌದೆಯಾಗಿ, ಮರಮುಟ್ಟಾಗಿ ಬೆಲೆ ಬಂದಾಗ ಹಲವು ಮರಗಳು ಉರುಳಿದವು. ಮಗಳ ಮದುವೆಗೆ, ಮನೆ ಕಟ್ಟುವುದಕ್ಕೆ ಹಿತ್ತಿಲಿನ ಮರ ಮಾರಿದವನನ್ನು ತಪ್ಪು ಎನ್ನಲು ನಮಗೆ ಯಾವ ಬಾಯಿದೆ?

1976ರಲ್ಲಿ ಈ ಊರಿನ ಹಕ್ಕಿಗಳ ಮಹತ್ವವನ್ನು ಹೊರಜಗತ್ತಿಗೆ ಎತ್ತಿ ತೋರಿಸಿದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ. ಮುಂದೆ 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳ ತುಂಬ ಸಾಲುಮರ ಬೆಳೆಸಿದವರೂ ಅವರೇ. ಗೂಡಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಮರಕ್ಕಿಷ್ಟು ಎಂದು ಹಣ ಕೊಡುವ ಪದ್ಧತಿ ಬಂತು. ಆ ಹಣ ಹುಣಸೆಯ ಮಾರುಕಟ್ಟೆ ಬೆಲೆಯ ಜೊತೆ ಹೆಜ್ಜೆ ಹಾಕಲಿಲ್ಲ ಎಂಬ ದೂರು ಊರಿನಲ್ಲಿ ಇದ್ದೇ ಇತ್ತು. ಆದರೂ ಆ ಪದ್ಧತಿಯ ಹಿಂದಿನ ವಿಚಾರ ದೊಡ್ಡದು. ಹಕ್ಕಿ ನಾಡಿನದಾದರೆ ಹಣ್ಣಿನ ನಷ್ಟವೂ ನಾಡಿನದು ಎಂದು ಸರ್ಕಾರ ಒಪ್ಪಿಕೊಂಡಂತಾಯಿತು.

1994ರ ಸುಮಾರಿಗೆ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಅಲ್ಲಿಗೆ ಹೋಗಿ ಊರಿನ ಹುಡುಗರನ್ನೇ ಸೇರಿಸಿಕೊಂಡು ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಆವರಣವೊಂದರಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಟ್ಟರು. ಎಣಿಕೆ ಮಾಡಿದರು, ಸಸಿ ನೆಟ್ಟರು. ಹಕ್ಕಿಯ ಲೆಕ್ಕ ಇಡುವವರು ಊರೊಳಗೇ ಹುಟ್ಟಿಕೊಂಡರು. ಕೆರೆಗೆ ನೀರಗಂಟಿ ಇದ್ದ ಹಾಗೆ ಹಕ್ಕಿಗೂ ಒಬ್ಬ ನೋಡಿಕೊಳ್ಳುವವನಾದ.

2007ರಲ್ಲಿ ಕೊಕ್ಕರೆ ಬೆಳ್ಳೂರು ರಾಜ್ಯದ ಮೊದಲ ಸಮುದಾಯ ಮೀಸಲು ಪ್ರದೇಶವಾಯಿತು. ಇದರ ಹಿಂದೆ ಕಾನೂನಿನ ಒಂದು ಮುಖ್ಯ ತಿರುವು ಇದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಎರಡು ಹೊಸ ಬಗೆಯ ಮೀಸಲುಗಳನ್ನು ಸೇರಿಸಿದರು. ಒಂದು ಸಂರಕ್ಷಣಾ ಮೀಸಲು. ಅದು ಸರ್ಕಾರಿ ಜಮೀನಿನಲ್ಲಿ. ಇನ್ನೊಂದು ಸಮುದಾಯ ಮೀಸಲು. ಅದು ಖಾಸಗಿ ಇಲ್ಲವೇ ಊರೊಟ್ಟಿನ ಜಮೀನಿನಲ್ಲಿ, ಜನ ತಾವಾಗಿ ಮುಂದೆ ಬಂದಾಗ. ಎರಡಕ್ಕೂ ಸಮಿತಿಗಳಿವೆ. ಆದರೆ ಸಂರಕ್ಷಣಾ ಮೀಸಲಿನ ಸಮಿತಿ ಅರಣ್ಯ ಇಲಾಖೆಗೆ ಸಲಹೆ ಹೇಳುವಂಥದ್ದು. ಸಮುದಾಯ ಮೀಸಲಿನ ಸಮಿತಿಯಾದರೋ ತಾನೇ ನಿರ್ವಹಣೆಯ ಹೊಣೆ ಹೊತ್ತದ್ದು. ಅದರಲ್ಲಿ ಪಂಚಾಯಿತಿ ನೇಮಿಸಿದ ಊರಿನ ಪ್ರತಿನಿಧಿಗಳೇ ಹೆಚ್ಚು. ಜಮೀನಿನ ಬಳಕೆ ಬದಲಾಯಿಸಬೇಕಾದರೂ ಆ ಸಮಿತಿಯ ಒಪ್ಪಿಗೆ ಬೇಕು. ಸಲಹೆ ಕೊಡುವುದಕ್ಕೂ ತೀರ್ಮಾನ ಮಾಡುವುದಕ್ಕೂ ಇರುವ ಅಂತರ ಎಷ್ಟೆಂಬುದು ಮನೆ ನಡೆಸಿದ ಯಾರಿಗಾದರೂ ಗೊತ್ತು.

ಹಾಗಾದರೆ ಅಲ್ಲಿ ಎಲ್ಲ ಸರಿಹೋಯಿತೇ? ಇಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಹಕ್ಕಿಗೂ ಸಲ್ಲುತ್ತದೆ. ಹೆಜ್ಜಾರ್ಲೆ ಮಲಗುವುದು ಬೆಳ್ಳೂರಿನಲ್ಲಿ, ಉಣ್ಣುವುದು ತೈಲೂರು ಕೆರೆಯಲ್ಲಿ, ಮದ್ದೂರು ಕೆರೆಯಲ್ಲಿ, ಶಿಂಷಾ ಹೊಳೆಯಲ್ಲಿ. ಆ ಕೆರೆಗಳ ಮೀನಿನ ಗುತ್ತಿಗೆ ಹಿಡಿದವನಿಗೆ ಹೆಜ್ಜಾರ್ಲೆ ತವರಿನ ಮಗಳಲ್ಲ, ಮೀನು ಕದಿಯುವ ಕಳ್ಳಿ. ಅವನ ನಷ್ಟವನ್ನು ಕೇಳುವವರು ಯಾರೂ ಇಲ್ಲ, ಏಕೆಂದರೆ ಅವನ ಕೆರೆ ಮೀಸಲಿನ ಗೆರೆಯಾಚೆ ಇದೆ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಬೆಳ್ಳೂರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳುಗಳ ಬಾಧೆ ಕಂಡಿತು. ಕೆರೆಯ ನೀರು, ಕೆರೆಯ ಮೀನು ಹೇಗಿವೆ ಎಂಬ ಕಡೆಗೆ ಬೆರಳು ತಿರುಗಿತು. ಊರು ಎಷ್ಟೇ ಪ್ರೀತಿಯಿಂದ ಕಾಪಾಡಿದರೂ ಹತ್ತು ಮೈಲಿ ಆಚೆಯ ಕೆರೆ ಕೆಟ್ಟರೆ ಹಕ್ಕಿ ಉಳಿಯುವುದಿಲ್ಲ. ಒಂದು ಪ್ರಾಣಿ ಸಮುದಾಯದ ಸ್ವತ್ತು ಎಂದಾಗ ಆ ಸಮುದಾಯದ ಎಲ್ಲೆ ಎಷ್ಟು ಎಂದೂ ಹೇಳಬೇಕಾಗುತ್ತದೆ. ಹಕ್ಕಿ ಎಷ್ಟು ದೂರ ಹಾರುತ್ತದೋ ಲೆಕ್ಕದ ಪುಸ್ತಕವೂ ಅಷ್ಟು ದೂರ ಹೋಗಬೇಕು.

ತುಮಕೂರು ರಸ್ತೆಯ ತುದಿಯಲ್ಲಿ ಒಂದು ಹಳ್ಳಿಯಿದೆ ಎಂದೆನಲ್ಲ, ಅದು ಸಿರಾ ತಾಲ್ಲೂಕಿನ ಕಗ್ಗಲಡು. ಅಲ್ಲೂ ಹುಣಸೆ ಮರ, ಬಣ್ಣದ ಕೊಕ್ಕರೆ, ಬೂದು ಬಕ. 1990ರ ದಶಕದಿಂದ ಊರಿನವರೇ ಕಾಯ್ದುಕೊಂಡು ಬಂದಿದ್ದಾರೆ. ಅದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗಾಗಿ ಜಯಮಂಗಲಿ ಸಂರಕ್ಷಣಾ ಮೀಸಲು ಇದೆ; ಅದೂ 2007ರದೇ. ಮೀಸಲಿನ ವಿಸ್ತೀರ್ಣ ಸುಮಾರು 800 ಎಕರೆ. ಕೃಷ್ಣಮೃಗಕ್ಕೆ ಸರ್ವೆ ಕಲ್ಲು ಓದಲು ಬರುವುದಿಲ್ಲವಾದ್ದರಿಂದ ಹಿಂಡು ಸುತ್ತಲಿನ ಕಡಲೆಕಾಯಿ ಹೊಲಕ್ಕೂ ಹೋಗುತ್ತದೆ. ಬರದ ಸೀಮೆಯ ಆ ರೈತರ ತಾಳ್ಮೆಯೇ ಮೀಸಲಿನ ನಿಜವಾದ ಬೇಲಿ. ಆ ತಾಳ್ಮೆಗೆ ನಾವು ಸಂಬಳ ಕೊಡುತ್ತಿಲ್ಲ, ಅಷ್ಟೇ.

ಲಾಭದ ಪಾಲಿನ ವಿಚಾರಕ್ಕೆ ಬರೋಣ. ಕಾವೇರಿಯ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಸೀರ್, ಮನುಷ್ಯನಷ್ಟು ತೂಕಕ್ಕೆ ಬೆಳೆಯುವ ಮೀನು. ಮಂಡ್ಯ, ರಾಮನಗರ ಸೀಮೆಯ ಕಾಡಿನ ನಡುವೆ, ಗಾಳಿಬೋರೆ, ಭೀಮೇಶ್ವರಿಗಳ ಮಡುಗಳಲ್ಲಿ, ಸಿಡಿಮದ್ದು ಹಾಕಿ ಮೀನು ಹೊಡೆಯುತ್ತಿದ್ದ ಕಾಲವಿತ್ತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದಷ್ಟು ಉದ್ದವನ್ನು ಗುತ್ತಿಗೆ ಪಡೆಯಿತು. ದೇಶವಿದೇಶದ ಗಾಳಗಾರರು ಹಣ ಕೊಟ್ಟು ಬಂದರು. ಮೀನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವುದು ಕರಾರು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯೂ ಭೀಮೇಶ್ವರಿಯಲ್ಲಿ ಇದೇ ದಾರಿ ಹಿಡಿಯಿತು. ಸಿಡಿಮದ್ದು ಎಸೆಯುತ್ತಿದ್ದವರಲ್ಲಿ ಕೆಲವರೇ ದಾರಿ ತೋರಿಸುವವರಾದರು, ಕಾವಲುಗಾರರಾದರು. ಹೊಳೆಯ ಒಂದೊಂದು ಸುಳಿಯೂ ಅವರಿಗೆ ಗೊತ್ತಿತ್ತು. ಜೀವಂತ ಮೀನು ಸತ್ತ ಮೀನಿಗಿಂತ ಹೆಚ್ಚು ಸಂಪಾದಿಸಿಕೊಡುತ್ತದೆ ಎಂದು ತಿಳಿದ ಮೇಲೆ ಕಾಯಲು ಹೊರಗಿನವರು ಬೇಕಾಗಲಿಲ್ಲ.

ಆಮೇಲೆ, ಸುಮಾರು 2010ರ ಹೊತ್ತಿಗೆ, ಅಭಯಾರಣ್ಯದಲ್ಲಿ ಗಾಳ ಹಾಕುವುದು ಕಾಯ್ದೆಗೆ ಒಗ್ಗುವುದಿಲ್ಲ ಎಂದು ಅದು ನಿಲ್ಲುತ್ತಾ ಬಂತು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಮೀನಿಗೆ ಗಾಳದ ನೋವೇಕೆ ಎನ್ನುವವರ ಮಾತಿನಲ್ಲೂ ನ್ಯಾಯವಿದೆ. ಆದರೆ ಆ ಕಾವಲುಗಾರನ ಸಂಬಳ ನಿಂತಾಗ ಅದರ ಜಾಗದಲ್ಲಿ ಏನಿಟ್ಟೆವು ಎಂಬುದನ್ನು ಕೇಳಲೇಬೇಕು. 2018ರಲ್ಲಿ ವಿಜ್ಞಾನಿಗಳು ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತುಮಾಡಿದರು. ಅದೇ ವರ್ಷ ಅದು ಅಳಿವಿನ ಅಂಚಿನ ಅತಿ ಗಂಡಾಂತರದ ಪಟ್ಟಿಗೂ ಸೇರಿತು.

ಲೋಕದ ಬೇರೆ ಕಡೆಯೂ ಇದೇ ಪಾಠ. ಆಫ್ರಿಕಾದ ಜಿಂಬಾಬ್ವೆ 1980ರ ದಶಕದ ಕೊನೆಯಲ್ಲಿ ಆನೆ, ಕಾಡೆಮ್ಮೆಗಳಿಂದ ಬರುವ ಆದಾಯವನ್ನು ಹಳ್ಳಿಗಳಿಗೆ ಹಂಚುವ ಯೋಜನೆ ತಂದಿತು. ಆದರೆ ಹಣದ ದೊಡ್ಡ ಪಾಲು ಜಿಲ್ಲಾ ಮಂಡಳಿಗಳಲ್ಲೇ ನಿಂತುಹೋಗುತ್ತಿತ್ತು ಎಂಬುದು ಅದರ ಮೇಲಿನ ಹಳೆಯ ಆಕ್ಷೇಪ. ನಮೀಬಿಯಾ 1996ರಲ್ಲಿ ಕಾನೂನು ಮಾಡಿ ಹಕ್ಕನ್ನು ನೇರವಾಗಿ ಊರಿನವರ ಸಂಘಗಳಿಗೇ ಕೊಟ್ಟಿತು. ಸಂಘಗಳು ನಾಲ್ಕರಿಂದ ಹಲವು ಹತ್ತುಗಳಿಗೆ ಬೆಳೆದವು. ಅಲ್ಲಿನ ಆದಾಯದಲ್ಲಿ ಬೇಟೆಯದೂ ಒಂದು ಪಾಲಿದೆ; ಅದು ನಮ್ಮ ಕಾನೂನಿಗೂ ನಮ್ಮ ಮನಸ್ಸಿಗೂ ಒಗ್ಗದ ದಾರಿ. ಅದನ್ನು ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಹಣ ಯಾರ ಕೈಗೆ ಬರುತ್ತದೆ ಎಂಬುದನ್ನು ನೋಡಿ ಎನ್ನುತ್ತಿದ್ದೇನೆ. ಅಮೆರಿಕದ ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ಹುಲ್ಲುಗಾವಲು, ಮೀನುಗಾರಿಕೆ, ನೀರಾವರಿಗಳನ್ನು ಜನ ಹೇಗೆ ಹಂಚಿಕೊಂಡು ಉಳಿಸಿದ್ದಾರೆಂದು ದೇಶದೇಶಗಳಲ್ಲಿ ನೋಡಿ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ನಿಯಮವನ್ನು ಬಳಸುವವರೇ ಮಾಡಿ, ಕಾವಲನ್ನು ಅವರೇ ಕಾದು, ತಪ್ಪಿಗೆ ತಕ್ಕ ದಂಡವನ್ನೂ ಅವರೇ ಹಾಕಿದ ಕಡೆ ಊರೊಟ್ಟಿನ ಸ್ವತ್ತು ಉಳಿದಿದೆ ಎಂದರು. ನಮ್ಮ ನೀರಗಂಟಿ ಅವರ ಪುಸ್ತಕ ಓದಿರಲಿಲ್ಲ. ಆದರೆ ಅವನು ಮಾಡುತ್ತಿದ್ದುದು ಅದನ್ನೇ.

ತೀರ್ಮಾನದ ಪಾಲೊಂದನ್ನೇ ಕೊಟ್ಟರೆ ಸಾಲದು, ಲಾಭನಷ್ಟಗಳ ಲೆಕ್ಕವೂ ಜೊತೆಗಿರಬೇಕು. ಕಾಡುಹಂದಿಯ ಉದಾಹರಣೆ ತೆಗೆದುಕೊಳ್ಳಿ. 2022ರಲ್ಲಿ ಕೇರಳ ಸರ್ಕಾರ ಬೆಳೆ ಹಾಳುಮಾಡುವ ಕಾಡುಹಂದಿಗೆ ಗುಂಡಿಕ್ಕಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ವಹಿಸಿತು. ಕಾಸರಗೋಡಿನ ನಮ್ಮ ಕನ್ನಡಿಗರ ಪಂಚಾಯಿತಿಗಳಿಗೂ ಆ ಅಧಿಕಾರ ಬಂತು. ಅಡಕೆ, ತೆಂಗು, ಮರಗೆಣಸು ಕಳೆದುಕೊಂಡವರಿಗೆ ಅಷ್ಟರಮಟ್ಟಿಗೆ ಸಮಾಧಾನ. ಆದರೆ ಪರವಾನಗಿ ಇರುವ ಕೋವಿ ಹಿಡಿದವರು ಬೇಕು, ಸತ್ತ ಹಂದಿಯನ್ನು ಹೂಳಬೇಕು. ಎಷ್ಟು ಹಂದಿಗಳಿವೆ, ಎಷ್ಟು ಉಳಿಯಬೇಕು, ಅವು ತೋಟಕ್ಕೆ ಬರುವುದೇಕೆ ಎಂಬ ಲೆಕ್ಕ ಪಂಚಾಯಿತಿಯ ಬಳಿ ಇಲ್ಲದಿದ್ದರೆ ಕೈಗೆ ಬಂದದ್ದು ಬರಿಯ ಕೋವಿ, ನಿರ್ವಹಣೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದ ಮಾಧವ ಗಾಡ್ಗೀಳರು ವನ್ಯಜೀವಿ ಕಾಯ್ದೆ ಸ್ಥಳೀಯ ಜನರನ್ನು ದೂರ ಇಟ್ಟಿತೆಂದು ಕಟುವಾಗಿ ಟೀಕಿಸಿದವರು. ಅವರ ಎಲ್ಲ ಮಾತನ್ನೂ ಒಪ್ಪದವರು ಕೂಡ ಒಂದನ್ನು ಒಪ್ಪಬಹುದು. ಊರಿನವರ ಕೈಯಲ್ಲಿ ಅಧಿಕಾರ ಇರಬೇಕಾದರೆ ಅವರ ಕೈಯಲ್ಲಿ ತಿಳಿವಳಿಕೆಯ ದಾಖಲೆಯೂ ಇರಬೇಕು.

ಆ ತಿಳಿವಳಿಕೆ ಇಲ್ಲದ ಜನವೇನೂ ನಮ್ಮವರಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು ಇಳಿಸುವಾಗ ಒಂದು ಪಾಲನ್ನು ಹುಳುಗಳಿಗೆ ಬಿಟ್ಟೇ ಇಳಿಸುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಜನ ಕಾಡಿನಲ್ಲಿದ್ದರೆ ಹುಲಿ ಇರುವುದಿಲ್ಲ ಎಂಬ ವಾದಕ್ಕೆ ಆ ಬೆಟ್ಟವೇ ಉತ್ತರ ಹೇಳುತ್ತಿದೆ.

ಈಗ ಹೆಸರಘಟ್ಟದ ದಾರಿಗೆ ತಿರುಗೋಣ. 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಅರ್ಕಾವತಿಗೆ ಅಲ್ಲಿ ಕಟ್ಟಿದ ಕೆರೆಯಿಂದ ಬೆಂಗಳೂರಿಗೆ ಮೊದಲ ಬಾರಿ ಕೊಳಾಯಿ ನೀರು ಬಂತು. ಸೋಲದೇವನಹಳ್ಳಿಯ ಪಂಪ್‌ಹೌಸಿನಿಂದ ಮಲ್ಲೇಶ್ವರದವರೆಗೆ ನೀರು ಹರಿದದ್ದು ಹೀಗೆ. ಕೆರೆಯ ಸುತ್ತಮುತ್ತಲ ಹುಲ್ಲುಗಾವಲಿನ ಬಹುಭಾಗ ಪಶುಸಂಗೋಪನೆ ಇಲಾಖೆಯದು. ಮರವಿಲ್ಲದ ಜಾಗವೆಂದರೆ ನಮ್ಮ ಕಣ್ಣಿಗೆ ಬರಡು. ಆದರೆ ಚಳಿಗಾಲದಲ್ಲಿ ಸಾವಿರಾರು ಮೈಲಿ ದಾಟಿ ಬರುವ ಸೆಳೆವ ಎಂಬ ಹದ್ದುಗಳಿಗೆ ಆ ಬಯಲೇ ಬೇಕು. ಅಲ್ಲಿ ಚಿರತೆಯೂ ಓಡಾಡುತ್ತದೆ. ಮಳೆನೀರನ್ನು ಹೀರಿ ಅರ್ಕಾವತಿಗೆ ಉಣಿಸುವುದೂ ಅದೇ ಹುಲ್ಲು.

ಅಲ್ಲಿ ಚಿತ್ರನಗರಿ ಕಟ್ಟುವ ಮಾತು ದಶಕಗಳಿಂದ ಬಂದು ಹೋಗುತ್ತಿತ್ತು. ಇತ್ತ 5,010 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತು. ಸ್ಥಳೀಯರ ವಿರೋಧವಿದೆ ಎಂಬುದು ಆಗ ಕೇಳಿಬಂದ ಕಾರಣ. ವಿಷಯ ಹೈಕೋರ್ಟಿಗೆ ಹೋಯಿತು. 2024ರ ಅಕ್ಟೋಬರಿನಲ್ಲಿ ಮಂಡಳಿ 5,678 ಎಕರೆಯ ಬೃಹತ್ ಹೆಸರಘಟ್ಟ ಹುಲ್ಲುಗಾವಲು ಸಂರಕ್ಷಣಾ ಮೀಸಲಿಗೆ ಒಪ್ಪಿಗೆ ಕೊಟ್ಟಿತು. ನಗರದ ಪರಿಸರಪ್ರಿಯರು ಸಂಭ್ರಮಿಸಿದರು, ನಾನೂ ಸಂತೋಷಪಟ್ಟೆ.

ಆದರೆ ಆ ಸ್ಥಳೀಯರ ವಿರೋಧವನ್ನು ನಾವು ಕಿವಿಗೊಟ್ಟು ಕೇಳಿದೆವೇ? ಅದರಲ್ಲಿ ಜಮೀನಿನ ಬೆಲೆಯ ಮೇಲೆ ಕಣ್ಣಿಟ್ಟವರೂ ಇದ್ದಿರಬಹುದು. ಕುರಿ, ಮೇಕೆ, ಹಸು ಮೇಯಿಸಿಕೊಂಡು ಬದುಕುವವರಂತೂ ಇದ್ದೇ ಇದ್ದರು. ನಾಳೆ ಬೇಲಿ ಹಾಕಿ, ದನ ಹೊರಗಟ್ಟಿ, ಗೇಟಿನಲ್ಲಿ ಟಿಕೆಟ್ ಹರಿಯುತ್ತಾರೆ ಎಂಬ ಹೆದರಿಕೆ ಅವರದು. ಸಂರಕ್ಷಣಾ ಮೀಸಲಿನಲ್ಲಿ ಅಭಯಾರಣ್ಯದಷ್ಟು ಬಿಗಿಯಾದ ಕಟ್ಟಳೆಗಳಿಲ್ಲ. ಇದನ್ನು ಅವರಿಗೆ ತಿಳಿಹೇಳುವುದು ಒಂದು ಕೆಲಸ. ಅವರನ್ನೇ ಕೇಳುವುದು ಅದಕ್ಕಿಂತ ದೊಡ್ಡ ಕೆಲಸ. ಹುಲ್ಲುಗಾವಲು ಹುಲ್ಲುಗಾವಲಾಗಿ ಉಳಿದಿರುವುದರಲ್ಲಿ ದನಗಳ ಬಾಯಿಯೂ ಸೇರಿದೆ. ಎಲ್ಲಿ ಎಷ್ಟು ಮೇಯಬೇಕು, ಯಾವ ತಿಂಗಳು ನೆಲದಲ್ಲಿ ಗೂಡಿಡುವ ಹಕ್ಕಿಗೆ ಬಿಡಬೇಕು ಎಂಬುದನ್ನು ಕುರಿಗಾಹಿಯ ಜೊತೆ ಕೂತು ಗೊತ್ತುಮಾಡಬಹುದು. ಚಿರತೆ ಒಂದು ಮೇಕೆ ಹಿಡಿದರೆ ಆ ವಾರವೇ ದುಡ್ಡು ಕೈಸೇರಬೇಕು. ವರ್ಷ ತಡವಾಗಿ ಬರುವ ಪರಿಹಾರ, ವಿಷ ಹಾಕಿದ ಮೇಕೆಯ ಹೆಣವನ್ನು ಬಯಲಿನಲ್ಲಿ ಬಿಟ್ಟುಬರುವ ಕೈಯನ್ನು ತಡೆಯಲಾರದು.

ಕಾನೂನಿನ ಪ್ರಕಾರ ಹೆಸರಘಟ್ಟದ ಸಮಿತಿ ಸಲಹೆ ಕೊಡುವ ಸಮಿತಿಯೇ. ಸಲಹೆಯಾದರೂ ಗಟ್ಟಿಯಾಗಿ ಕೇಳಿಸಬೇಕಾದರೆ ಅದರಲ್ಲಿ ಸುತ್ತಲಿನ ಪಂಚಾಯಿತಿಗಳವರ ಜೊತೆಗೆ ದನ ಮೇಯಿಸುವ ಹೆಂಗಸರೂ, ಕೆರೆಯ ಮೀನುಗಾರರೂ ಕೂರಬೇಕು. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು. ಸುತ್ತಮುತ್ತಲ ಬಡಾವಣೆಯ ಜನ ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದರು. ಹಾವಕ್ಕಿ, ಚಮಚಕೊಕ್ಕಿನ ಹಕ್ಕಿಗಳ ಜೊತೆಗೆ ಚರಂಡಿಯ ನೀರೂ ಅಲ್ಲಿಗೆ ಬಂತು. ಫಲಕ ನೆಟ್ಟ ಮೇಲೆ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಡೆಯದಾಗಿ ನಮ್ಮ ಬೀದಿಯ ಮಾತು. ದಾಸರಹಳ್ಳಿ, ಜಾಲಹಳ್ಳಿಯ ಮರಗಳಿರುವ ಬಡಾವಣೆಗಳಿಗೆ ಕೋತಿಗಳು ಬರುತ್ತವೆ. ಒಬ್ಬರು ಶನಿವಾರ ಬಾಳೆಹಣ್ಣು ಕೊಟ್ಟು ಆಂಜನೇಯನಿಗೆ ಕೈಮುಗಿಯುತ್ತಾರೆ; ಮಾರನೆಯ ದಿನ ಪಕ್ಕದ ಮನೆಯವರ ಅಡುಗೆಮನೆಯ ಡಬ್ಬಗಳು ಚೆಲ್ಲಾಡಿರುತ್ತವೆ. ಮೂರನೆಯವರು ಪಟಾಕಿ ಹೊಡೆದು ಮುಂದಿನ ಅಡ್ಡರಸ್ತೆಗೆ ಅಟ್ಟುತ್ತಾರೆ. ಯಾರೋ ಹಿಡಿಸಿ ದೂರ ಬಿಡಿಸಿದರೆ ಅಲ್ಲಿನ ಹಳ್ಳಿಯ ಬೆಳೆ ಹಾಳು. ಪುಣ್ಯ ಒಬ್ಬರಿಗೆ, ಪಾಡು ಇನ್ನೊಬ್ಬರಿಗೆ. ಕೊಕ್ಕರೆ ಬೆಳ್ಳೂರಿನ ಹುಣಸೆಹಣ್ಣಿನ ಲೆಕ್ಕವೇ ಇಲ್ಲಿ ಕಿರಿದಾಗಿ ಕಾಣುತ್ತದೆ. ಬೀದಿಯವರೆಲ್ಲ ಸೇರಿ ಕಸ ಮುಚ್ಚಿಡುವುದು, ಕೈಯಿಂದ ತಿನಿಸು ಕೊಡದಿರುವುದು, ಖಾಲಿ ಜಾಗದಲ್ಲಿ ನೇರಳೆ, ಅತ್ತಿ ನೆಡುವುದು ಎಂದು ಮಾತಾಡಿಕೊಂಡರೆ ಅರ್ಧ ತಂಟೆ ತಪ್ಪುತ್ತದೆ. ಒಂದು ಮನೆ ತಪ್ಪಿದರೂ ಕಟ್ಟು ಸಡಿಲ. ಅದಕ್ಕೇ ಹೇಳಿದ್ದು, ಇದು ಒಬ್ಬರ ಕೆಲಸವಲ್ಲ.

ಇಂಥ ಲೆಕ್ಕ ಬರೆದಿಡಲು ಕಾನೂನಿನಲ್ಲೇ ಜಾಗವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯಿತಿ, ಪುರಸಭೆ, ನಗರ ಪಾಲಿಕೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ತನ್ನ ಎಲ್ಲೆಯೊಳಗಿನ ಗಿಡ, ಮರ, ಪ್ರಾಣಿ, ಪಕ್ಷಿಗಳನ್ನೂ ಅವುಗಳ ಬಗೆಗಿನ ಜನರ ತಿಳಿವಳಿಕೆಯನ್ನೂ ಅದು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಕಾಗದದ ಮೇಲೆ ಈ ಸಮಿತಿಗಳು ಬೇಕಾದಷ್ಟಿವೆ. ನಿಮ್ಮ ಪಂಚಾಯಿತಿಗೆ, ನಿಮ್ಮ ವಾರ್ಡಿನ ಕಚೇರಿಗೆ ಹೋದಾಗ ಆ ದಾಖಲಾತಿ ಪುಸ್ತಕ ಎಲ್ಲಿದೆ, ತೋರಿಸಿ ಎಂದು ಕೇಳಿ. ತೋರಿಸಿದರೆ ಅದರಲ್ಲಿ ಪ್ರಾಣಿಗಳ ಹೆಸರಿನ ಪಕ್ಕದಲ್ಲಿ ಇನ್ನೊಂದು ಕಲಂ ಗೆರೆ ಎಳೆಸಿ: ಇದನ್ನು ಉಳಿಸುವುದರಿಂದ ಯಾರಿಗೆ ಏನು ನಷ್ಟ, ಅದನ್ನು ತುಂಬಿಕೊಡುವವರು ಯಾರು. ತೋರಿಸದಿದ್ದರೆ ಅರ್ಜಿ ಬರೆದು ಕೊಟ್ಟು, ಸ್ವೀಕೃತಿಗೆ ಮೊಹರು ಹಾಕಿಸಿಕೊಂಡೇ ಬನ್ನಿ.